ನೀರಿಗೆ ಬೆಲೆ ಕೇಳಿದ ಮೇಷ್ಟ್ರು

ಮಧುಗಿರಿಯಿಂದ ಪಾವಗಡಕ್ಕೆ ಹೊರಟ ಬಸ್ಸಿನಲ್ಲಿ ನನ್ನ ಪಕ್ಕ ಅರ್ಥಶಾಸ್ತ್ರದ ಮೇಷ್ಟ್ರೊಬ್ಬರು ಕೂತಿದ್ದರು. ಮಧ್ಯಾಹ್ನದೊಳಗೆ ನಾನು ಮುಟ್ಟದಿದ್ದರೆ ಅಲ್ಲಿನ ಹುಣಸೆಹಣ್ಣೆಲ್ಲ ಹಿಂದೂಪುರದ ವ್ಯಾಪಾರಿಗಳ ಪಾಲಾಗುತ್ತಿತ್ತು. ಮೇಷ್ಟ್ರಿಗೆ ಅಂಥ ಅವಸರವಿರಲಿಲ್ಲ. ಯೋಚನೆಯಲ್ಲಿ ಮುಳುಗಿ, ರಾತ್ರಿಯ ನಿಲುವಂಗಿಯಲ್ಲೇ ಪಕ್ಕದೂರಿನವರೆಗೆ ನಡೆದುಬಿಟ್ಟ ಸ್ಕಾಟ್ಲೆಂಡಿನ ಪಂಡಿತನೊಬ್ಬನ ಕತೆ ಹೇಳುತ್ತಿದ್ದರು. ಅಂಥವನ ಕೈಗೆ ನಾನಾದರೆ ಅಂಗಡಿಯ ಬೀಗದ ಕೈ ಕೊಡುತ್ತಿರಲಿಲ್ಲ.

"ನೀರಿಲ್ಲದೆ ಬದುಕೋಕಾಗಲ್ಲ, ಅದಕ್ಕೆ ಬೆಲೆಯಿಲ್ಲ. ವಜ್ರ ಯಾತಕ್ಕೂ ಬರಲ್ಲ, ಅದಕ್ಕೆ ಬೆಲೆ. ಯಾಕೆ ಅಂತ ಕೇಳಿದವನು ಅವನೇ ಸಾವ್ಕಾರ್ರೇ," ಎಂದರು ಮೇಷ್ಟ್ರು.

ನಿಡುಗಲ್ಲು ಬೆಟ್ಟ ಕಾಣುವ ಹೊತ್ತಿಗೆ ಎಂಜಿನ್ ಕಾದು ಬಸ್ಸು ನಿಂತಿತು. ನೀರು ಹಾಕದೆ ಹೊರಡಲ್ಲ ಅಂದ ಡ್ರೈವರ್. ನನ್ನ ಹುಣಸೆಹಣ್ಣು ಹೋಯಿತು ಅಂದುಕೊಂಡೆ. ಅಷ್ಟರಲ್ಲಿ ಎರಡು ಮೇಕೆ ಹೊಡೆದುಕೊಂಡು, ಮೈಲಿ ದೂರದ ಬಾವಿಯಿಂದ ಬಿಂದಿಗೆ ಹೊತ್ತು ಒಬ್ಬ ಅಜ್ಜಿ ಬಂದಳು. ನಾನು ಜೇಬಿಗೆ ಕೈ ಹಾಕಿದರೆ ಮೇಷ್ಟ್ರು ತಡೆದರು.

"ಇರಿ, ಬೆಲೆ ಆಕೆಯೇ ಹೇಳಲಿ. ಅಜ್ಜೀ, ಬಿಂದಿಗೆಗೆ ಎಷ್ಟು?"

"ನೀಳ್ಳು ಮಾರ್ತಾರಾ ನಾಯ್ನಾ? ನಿಮ್ಮೂರಾಗೆ ಅಂಗೇನಾ?" ಎಂದು ತೆಲುಗು ಬೆರೆಸಿ ನಕ್ಕು, ಅಜ್ಜಿ ಅಷ್ಟೂ ನೀರನ್ನು ಡ್ರೈವರನಿಗೆ ಕೊಟ್ಟಳು.

ಮೇಷ್ಟ್ರು ನೋಟ್‌ಬುಕ್ ತೆಗೆದು ಪೆನ್ಸಿಲ್ ಕಚ್ಚಿಕೊಂಡರು. "ಇಲ್ಲಿ ನೀರಿಗೇ ಬರ, ಆದರೂ ಬೆಲೆಯಿಲ್ಲ. ಇದು ಪುಸ್ತಕದಲ್ಲಿಲ್ಲವಲ್ಲ!"

ಅವರು ಯೋಚಿಸುತ್ತಿದ್ದಂತೆ ಅಜ್ಜಿ ಮೇಕೆಗಳ ಸಮೇತ ಬಸ್ಸು ಹತ್ತಿದಳು. ಕಂಡಕ್ಟರ್ ಟಿಕೆಟ್ ಕೇಳಿದ.

"ಸುಮ್ಕಿರ್ಲಾ, ನೀರಿಗೆ ನಾನು ದುಡ್ಡು ಇಸ್ಕಂಡ್ನಾ?"

ಅವನು ಟಿಕೆಟ್ ಹರಿಯದೆ ಸೀಟಿ ಊದಿದ. ಪಾವಗಡದವರೆಗೂ ಒಂದು ಮೇಕೆ ಮೇಷ್ಟ್ರ ನೋಟ್‌ಬುಕ್ಕಿನ ಅಂಚು ಮೆಲ್ಲುತ್ತಿತ್ತು. ಹುಣಸೆಹಣ್ಣು ನನಗೇ ಸಿಕ್ಕಿತು, ಲಾಭವೂ ಬಂತು. ಆದರೂ ಆ ದಿನದ ಒಳ್ಳೆಯ ವ್ಯಾಪಾರ ನನ್ನದಲ್ಲ.