ಪಂಚರ್ ಅಂಗಡಿಯಿಂದ ಹೊರಟ ಗಾಜಿನ ಜಿಂಕೆ

ಪಂಚರ್ ಅಂಗಡಿಯವನನ್ನು ಬೀದಿಯವರೆಲ್ಲ ಕೆಂಡಣ್ಣ ಎಂದೇ ಕರೆಯುತ್ತಾರೆ. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುವ ಮನುಷ್ಯ. ಅಂಥವನ ಅಂಗಡಿಯಲ್ಲಿ, ಹಳೇ ಟ್ಯೂಬುಗಳ ಮೇಲಿನ ಹಲಗೆಯಲ್ಲಿ, ಹೆಬ್ಬೆರಳ ಗಾತ್ರದ ಗಾಜಿನ ಪ್ರಾಣಿಗಳು ಸಾಲಾಗಿ ನಿಂತಿವೆ. ಯಾರಾದರೂ ಮುಟ್ಟಲು ಹೋಗಲಿ, ಕೆಂಡಣ್ಣನಿಗೆ ಆ ಹೆಸರು ಯಾಕೆ ಬಂತೆಂದು ತಿಳಿಯುತ್ತದೆ.

ಅವೆಲ್ಲ ಅವನ ಅಮ್ಮ ಒಂದೊಂದಾಗಿ ಕೂಡಿಸಿಟ್ಟವು. ಅಮ್ಮ ಹೋದಮೇಲೆ ಅಕ್ಕ ಮರಿ ಜಿಂಕೆಯೊಂದನ್ನು ಮಾತ್ರ ತೆಗೆದುಕೊಂಡು, ತಾಯಿ ಜಿಂಕೆಯನ್ನು ಹಲಗೆಯಲ್ಲೇ ಬಿಟ್ಟು ದೂರದ ತನ್ನ ಮನೆಗೆ ಹೋದಳು. ಈಗ ಅವಳಿಗೆ ಮಂಡಿ ನೋವು, ಹೊಸಿಲು ದಾಟುವುದೂ ಕಷ್ಟ. ಯಾವತ್ತೂ ಏನೂ ಕೇಳದವಳು ಮೊನ್ನೆ ಫೋನಿನಲ್ಲಿ ಕೇಳಿಬಿಟ್ಟಳು.

"ಕಿಟಕೀಲಿ ಮರಿ ಒಂದೇ ನಿಂತಿದೆ ಕಣೋ. ತಾಯಿ ಜಿಂಕೇನ ಕಳಿಸ್ತೀಯಾ?"

"ಅದಕ್ಕೇನಂತೆ" ಎಂದ. ಅಂದಷ್ಟು ಸುಲಭವೇ? ತಾನೇ ಹೊರಟರೆ ಬಸ್ಸಿನ ಖರ್ಚು ಹಾಗಿರಲಿ, ಗಿರಾಕಿಗಳೆಲ್ಲ ಎದುರು ಅಂಗಡಿಯ ಪಾಲು. ಅಂಚೆಯೇ ಗತಿ. ಜಿಂಕೆಯ ಕಾಲೋ ಬೆಂಕಿಕಡ್ಡಿಗಿಂತ ಸಪೂರ. ಮುರಿದರೆ ಅಂಥದ್ದು ಇನ್ನೆಲ್ಲೂ ಸಿಗದು.

"ಮೊದಲು ಹಲಗೆ ಮೇಲಿನ ಬಾತುಕೋಳಿ ಕಳಿಸಿ ನೋಡಿ. ಅದರ ರೆಕ್ಕೆ ಹೇಗೂ ಮುಕ್ಕಾಗಿದೆ" ಎಂದಳು ಹೆಂಡತಿ.

ಕೆಂಡಣ್ಣ ಮರದ ಪೆಟ್ಟಿಗೆ ತಂದ. ಬಾತುಕೋಳಿಯ ಸುತ್ತ ಚಿಂದಿಬಟ್ಟೆ ತುರುಕಿದ, ಹೆಬ್ಬೆರಳಿನಿಂದ ಒತ್ತಿ ಒತ್ತಿ ಮತ್ತೆ ತುರುಕಿದ, ಮುಚ್ಚಳಕ್ಕೆ ಮೊಳೆ ಹೊಡೆದ.

ಅಂಚೆ ಕೌಂಟರಿನಾಕೆ ತೂಕಕ್ಕಿಟ್ಟು ಹುಬ್ಬೇರಿಸಿದಳು. "ಏನಣ್ಣಾ, ಇಟ್ಟಿಗೆ ಕಳಿಸ್ತಿದ್ದೀರಾ?"

"ಬಾತುಕೋಳಿ."

"ಜೀವ ಇದೆಯಾ?"

"ಗಾಜಿಂದು ಕಣಮ್ಮಾ!"

"ತೂಕ ಎಲ್ಲ ಮರದ್ದೇ ಆಯ್ತಲ್ಲ" ಎಂದು ಆಕೆ ಹೇಳಿದ ದರಕ್ಕೆ ಅವನ ಕಿವಿ ಬಿಸಿಯಾಯಿತು. ಹಲ್ಲು ಕಚ್ಚಿ ಕೊಟ್ಟು ಬಂದ.

ಕೆಲ ದಿನಗಳಲ್ಲಿ ಅಕ್ಕನ ಫೋನು. "ಬಾತುಕೋಳಿ ಬಂತಪ್ಪಾ. ಕತ್ತು ಬೇರೆ, ಮೈ ಬೇರೆ. ಜಿಂಕೆ ಬೇಡ ಬಿಡೋ. ಅಲ್ಲೇ ಚೆನ್ನಾಗಿರಲಿ" ಎಂದಳು.

ಆ 'ಬೇಡ ಬಿಡೋ' ಎದೆಗೆ ನಾಟಿತು. "ಎತ್ತಿ ಒಗೆದಿದ್ದಾರೆ ಕಣೇ, ಅಂಚೆಯವರು!" ಎಂದು ಹೆಂಡತಿಯ ಮುಂದೆ ಹಾರಾಡಿದ.

"ಪೆಟ್ಟಿಗೆ ಒಡೆದಿತ್ತಂತಾ?"

"ಇಲ್ಲ."

"ಮತ್ತೆ ಅವರನ್ನ್ಯಾಕೆ ಬೈತೀರಿ?"

ಕೆಂಡಣ್ಣ ಚಪ್ಪಲಿ ಮೆಟ್ಟಿ ದಡದಡನೆ ಅಂಗಡಿಗೆ ನಡೆದ.

ಮಾರನೇ ಬೆಳಿಗ್ಗೆ ಸೈಕಲ್ಲಿನವನೊಬ್ಬ ಬಂದು, "ಕಲ್ಲಿನಂಗೆ ಗಾಳಿ ತುಂಬಿಸಣ್ಣಾ" ಎಂದ.

"ಟ್ಯೂಬ್ ಹಳೇದು ಕಣಯ್ಯಾ. ಕಲ್ಲಿನಂಗೆ ತುಂಬಿದ್ರೆ ಮೊದಲನೇ ಗುಂಡಿಗೇ ಢಂ ಅನ್ನುತ್ತೆ. ಒಂಚೂರು ಮೆತ್ತಗಿದ್ರೆ ಏಟು ತಡೆಯುತ್ತೆ..." ಎನ್ನುತ್ತಿದ್ದವನು ಪಂಪು ಹಿಡಿದಂತೆಯೇ ನಿಂತುಬಿಟ್ಟ.

"ಏನಾಯ್ತಣ್ಣಾ?"

"ಕತ್ತು ಮುರಿದವನು ನಾನೇ" ಎಂದ ಕೆಂಡಣ್ಣ.

ಸೈಕಲ್ಲಿನವ ಎರಡು ಹೆಜ್ಜೆ ಹಿಂದೆ ಸರಿದ.

ಅವತ್ತು ಮಧ್ಯಾಹ್ನ ಕೆಂಡಣ್ಣ ಮೊದಲು ಒಂದು ಮೊಟ್ಟೆಯನ್ನು ಮೆತ್ತಗೆ ಸುತ್ತಿ, ಡಬ್ಬಿಗಿಟ್ಟು, ಆ ಡಬ್ಬಿಯನ್ನು ರಟ್ಟಿನ ಪೆಟ್ಟಿಗೆಯೊಳಗೆ ಮುದುಡಿದ ಪೇಪರಿನ ನಡುವೆ ಕೂರಿಸಿ, ಏಣಿ ಹತ್ತಿ ಕೆಳಗೆ ಬಿಟ್ಟ. "ಒಡೆದಿದ್ರೆ ಆಮ್ಲೆಟ್ ಮಾಡ್ತೀನಿ" ಎಂದು ಹೆಂಡತಿ ಬಿಚ್ಚಿ ನೋಡಿದಳು. ಆಮ್ಲೆಟ್ ಆಗಲಿಲ್ಲ.

ಆಮೇಲೆ ಅದೇ ಡಬ್ಬಿಗೆ ಜಿಂಕೆ. ಕಾಲುಗಳ ಸಂದಿಗೆ ಚಿಟಿಕೆ ಚಿಟಿಕೆ ಹತ್ತಿ, ಮೈಗೆ ಹಳೇ ಬನಿಯನ್ನಿನ ತುಂಡು, ಎಲ್ಲೂ ಬಿಗಿಯಿಲ್ಲ, ಎಲ್ಲೂ ಅಲ್ಲಾಟವಿಲ್ಲ. ಹೆಂಡತಿ ದಾರ ಹಿಡಿದಿದ್ದಳು. ಕಳಿಸುತ್ತಿರುವುದನ್ನು ಅಕ್ಕನಿಗೆ ಮಾತ್ರ ಹೇಳಲಿಲ್ಲ.

"ಇವತ್ತೇನು, ಬರೀ ಗಾಳಿ ಕಳಿಸ್ತಿದ್ದೀರಾ?" ಎಂದಳು ಕೌಂಟರಿನಾಕೆ.

"ಹೂಂ. ಅದೇ ನನ್ನ ಕಸುಬು" ಎಂದು ಚಿಲ್ಲರೆ ಎಣಿಸಿ ಕೊಟ್ಟ. ಹೋದ ಸಲದ ಕಾಲು ಭಾಗವೂ ಆಗಲಿಲ್ಲ.

ಆಮೇಲೆ ಫೋನು ರಿಂಗಾದಾಗಲೆಲ್ಲ ಅವನು ಪಂಪು ಬಿಟ್ಟು ಓಡಿಬರುತ್ತಿದ್ದ. ಕೊನೆಗೊಂದು ಸಂಜೆ ಅಕ್ಕ.

"ಜಿಂಕೆ ಕಳಿಸಿದ್ದೀಯೋ ಈರುಳ್ಳಿ ಕಳಿಸಿದ್ದೀಯೋ? ಸುಲಿದಷ್ಟೂ ಸಿಪ್ಪೆ!"

"ಕಾಲು?"

"ನಾಲ್ಕೂ ಇವೆ ಕಣೋ. ಮರಿ ಪಕ್ಕದಲ್ಲೇ ನಿಲ್ಲಿಸಿದ್ದೀನಿ. ಪೆಟ್ಟಿಗೆ ಎಸೆದಿಲ್ಲ. ಬಾತುಕೋಳಿಗೆ ಕತ್ತು ಅಂಟಿಸಿದ್ದೀನಿ. ಅದರಲ್ಲೇ ವಾಪಸ್ ಕಳಿಸ್ತೀನಿ."

"ಒತ್ತಿ ತುಂಬಬೇಡ ಅಕ್ಕಾ!" ಎಂದು ಕೆಂಡಣ್ಣ ಇಡೀ ಬೀದಿಗೆ ಕೇಳುವಂತೆ ಕೂಗಿದ.