ರಮಾಳ ಅಂಗಡಿಯೊಳಗಿನ ಟಕ್‌ಟಕ್

ಹೊಸಪೇಟೆಯಿಂದ ಸಂಡೂರಿಗೆ ಹೋಗುವ ರಸ್ತೆಯಲ್ಲಿ ನನ್ನದು ಲಾರಿ ಕಮಾನು ಪಟ್ಟಿಯ ಅಂಗಡಿ. ಅದಿರು ಹೊತ್ತ ಟಿಪ್ಪರ್‌ಗಳ ಭಾರ ತಾಳಲು ಗಾಲಿಗಳ ಮೇಲೆ ಒಂದರ ಮೇಲೊಂದು ಜೋಡಿಸಿದ ಈ ಪಟ್ಟಿ ಮುರಿದರೆ ನನ್ನ ಹತ್ತಿರವೇ ಬರಬೇಕು. ಆಗ ಗಣಿಯ ಭರಾಟೆ. ಕೊಡದಲ್ಲಿನ ನೀರಿನ ಮೇಲೂ ಕೆಂಪು ಧೂಳಿನ ಕೆನೆ ಕಟ್ಟುತ್ತಿತ್ತು. ಅಂಥ ದಿನಗಳಲ್ಲಿ ಪಕ್ಕದ ಮಳಿಗೆಗೆ ರಮಾ ಬಂದಳು. ಪಾಪಿನಾಯಕನಹಳ್ಳಿಯವಳು. ತಾಯಿ ತಿಪ್ಪಕ್ಕ ಹೊಲದ ಕೂಲಿಗೆ ಹೋಗಿ ಮಗಳನ್ನು ಐಟಿಐ ಓದಿಸಿದ್ದಳು. ಲಾರಿಗಳ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಮೊಬೈಲ್ ರಿಪೇರಿ ಅಂಗಡಿ ಇಡುತ್ತಾಳೆಂದರೆ ಹಿಂದೆ ಯಾರೋ ಇರಬೇಕೆಂದು ನನಗೆ ಮೊದಲ ದಿನವೇ ಅನುಮಾನ. ವಿಚಾರಿಸಿದೆ, ಯಾರೂ ಇರಲಿಲ್ಲ. ಅದರಿಂದ ಅನುಮಾನ ಇನ್ನಷ್ಟು ಬೆಳೆಯಿತು.

ಆಗ ಟಿಪ್ಪರ್ ಮಾಲೀಕರ ಕೈಯಲ್ಲೆಲ್ಲ ಮಡಚುವ ಫೋನು. ಟಪ್ಪೆಂದು ತೆರೆದು ಟಪ್ಪೆಂದು ಮುಚ್ಚುವುದೇ ಒಂದು ಗತ್ತು. ಹಾಗೆ ಮಾಡಿ ಮಾಡಿ ಒಂದು ದಿನ ಪರದೆ ಬೆಳ್ಳಗಾಗುತ್ತಿತ್ತು. ಮೇಲಿನ ಹೋಳಿನ ಪರದೆಗೆ ಕೆಳಗಿನ ಹೋಳಿನಿಂದ ಕರೆಂಟ್ ಹರಿಯುವ ಒಂದು ತೆಳ್ಳನೆಯ ಸ್ಟ್ರಿಪ್ ಹೋಗುತ್ತದೆ. ಮಡಚುವ ಜಾಗದಲ್ಲಿ ಅದು ಸೀಳಿದರೆ ಮುಗಿಯಿತು. ಅದನ್ನು ಸರಿಮಾಡುವುದರಲ್ಲಿ ರಮಾ ಹೆಸರು ಮಾಡಿದಳು. ಆದರೆ ಅವಳ ಅಂಗಡಿಯ ಹಲಗೆ ಗೋಡೆಯ ಹಿಂದೆ ದಿನವಿಡೀ ಟಕ್‌ಟಕ್ ಸದ್ದು. ಸಂದಿಯಲ್ಲಿ ಇಣುಕಿದೆ. ಹೊಲಿಗೆ ಯಂತ್ರದ ಮೋಟರಿಗೆ ಕಬ್ಬಿಣದ ತೋಳು ಕಟ್ಟಿದ್ದಳು. ಅದು ಒಂದು ಫೋನನ್ನು ತೆರೆಯುತ್ತಿತ್ತು, ಮುಚ್ಚುತ್ತಿತ್ತು.

“ಏನವ್ವ ಅದು, ಮಂದಿ ಫೋನ್ ಮುರಿಯೋ ಮಷೀನಾ?”

“ಮುರಿಯಾಕಂತಾನ ಮಾಡೀನಣ್ಣ. ಆದ್ರ ಮಂದಿವಲ್ಲ, ಗುಜರಿವು.”

“ಮುರಿದ್ರ ಏನ್ ಸಿಗ್ತದ?”

“ಎಲ್ಲಿ ಮುರಿತೈತಿ ಅಂತ ಸಿಗ್ತದ. ಮುಂದ ಪರದೇನ ಮಡಚೋ ಫೋನ್ ಬರ್ತಾವಂತ, ಪೇಪರಿನಂಗ. ಅದಕ್ಕೂ ಇದ ಕಾಟ, ಮಡಚೋ ಜಾಗಾ.”

“ಗಾಜು ಮಡಚ್ತಾರಾ? ನನ್ನ ಕಿವಿಗೆ ಹೂ ಇಡಬ್ಯಾಡ.”

“ಗಾಜಲ್ಲಣ್ಣ, ಪ್ಲಾಸ್ಟಿಕ್ ಹಾಳಿ.”

ಕೇಳಿದ್ದಕ್ಕೆಲ್ಲ ಉತ್ತರ ಸಿದ್ಧ ಇಟ್ಟುಕೊಂಡವರನ್ನು ನಾನು ನಂಬುವುದಿಲ್ಲ.

ದಸರೆ ಕಳೆದ ಮೇಲೆ ಮಳಿಗೆಯ ಮಾಲೀಕ ಶಂಭುಲಿಂಗಪ್ಪನವರು ಜೀಪಿನಿಂದಿಳಿದು ನೇರ ಅವಳ ಅಂಗಡಿಗೆ ನುಗ್ಗಿದರು. ಕಂಪ್ಲಿಯಲ್ಲಿ ಅವರದು ಅಕ್ಕಿ ಗಿರಣಿ. ಗಣಿ ಶುರುವಾದ ಮೇಲೆ ಟಿಪ್ಪರ್‌ಗಳನ್ನೂ ಇಟ್ಟಿದ್ದರು. ದಸರೆಗೆ ಮೊದಲು ರಮಾ ಸರಿಮಾಡಿ ಕೊಟ್ಟಿದ್ದ ಅವರ ಫೋನು ಮತ್ತೆ ಬೆಳ್ಳಗಾಗಿತ್ತು.

“ಲೇ ಕೊಟ್ರಯ್ಯ, ಬಾ ಇಲ್ಲಿ. ಇಕಿ ಒಳಗ ಏನ್ ಮಾಡ್ತಾಳಲೇ?” ಎಂದು ನನ್ನನ್ನು ಕೂಗಿದರು.

ಕಂಡದ್ದನ್ನು ಕಂಡಂತೆ ಹೇಳಿದೆ. ಶಂಭುಲಿಂಗಪ್ಪ ಹಲಗೆ ಸರಿಸಿ ಯಂತ್ರ ನೋಡಿದರು.

“ಅಂದ್ರ ನೀನ ಸಡ್ಲ ಮಾಡಿ ಕೊಡ್ತಿ, ನಾವು ತಿರುಗಿ ಬರಬೇಕು. ನಾಳೆ ಅಂಗಡಿ ಖಾಲಿ ಮಾಡು.”

ರಮಾ ವಾದ ಮಾಡಲಿಲ್ಲ. “ಬಿಚ್ಚಿ ನೋಡೂಣು ಸಾವ್ಕಾರ್ರೆ. ನನ್ನ ತಪ್ಪಿದ್ರ ನಾಳೆ ಯಾಕ, ಇವತ್ತ ಹೋಗ್ತೀನಿ” ಎಂದು ಫೋನನ್ನು ದೀಪದ ಕೆಳಗೆ ಬಿಚ್ಚಿದಳು.

ಕಂಪನಿಯವರು ಬಿಗಿಯಾಗಿ ಮಡಚಿಟ್ಟಿರುವ ಸ್ಟ್ರಿಪ್ಪನ್ನು ಅವಳು ಕೀಲಿನ ಸುತ್ತ ಸಡಿಲವಾಗಿ ಸುತ್ತುತ್ತಿದ್ದಳು. ಸ್ಟ್ರಿಪ್ಪಿನಲ್ಲಿ ಎರಡು ಪದರವಿದ್ದರೆ ಮಡಚುವಲ್ಲಿ ಅಂಟು ಬಿಡಿಸುತ್ತಿದ್ದಳು, ಒಂದರ ಮೇಲೊಂದು ಜಾರಲಿ ಎಂದು. “ನಿಮ್ಮ ಕಮಾನು ಪಟ್ಟಿ ಹಂಗ, ಕೊಟ್ರಯ್ಯಣ್ಣ” ಎಂದಳು. ನನಗೆ ಬೆಣ್ಣೆ ಹಚ್ಚುತ್ತಿದ್ದಾಳೆಂದು ಸಿಟ್ಟು ಬಂತು. ಆದರೆ ಮಾತು ಸುಳ್ಳಲ್ಲ. ತುಕ್ಕು ಹಿಡಿದು ಒಂದಕ್ಕೊಂದು ಕಚ್ಚಿಕೊಂಡ ಪಟ್ಟಿಗಳು ಒಂದೇ ದಪ್ಪ ತುಂಡಿನಂತಾಗಿ ಮುರಿಯುವುದನ್ನು ನಾನು ದಿನವೂ ನೋಡುತ್ತೇನೆ.

ಸ್ಟ್ರಿಪ್ಪು ಮಡಿಕೆಯಲ್ಲಿ ಸೀಳಿರಲಿಲ್ಲ, ಉಜ್ಜಿ ಉಜ್ಜಿ ಸವೆದಿತ್ತು. ಕೀಲಿನಿಂದ ಅವಳು ಸೂಜಿಯಲ್ಲಿ ಕೆಂಪು-ಕಪ್ಪು ಜಿಡ್ಡನ್ನು ತೆಗೆದಳು. ನಾನು ಸೂಜಿ ಕಿತ್ತುಕೊಂಡು ಮೂಸಿದೆ. ಲಾರಿಗೆ ಹಾಕುವ ಗ್ರೀಸು. ಅದಕ್ಕೆ ಅದಿರಿನ ಧೂಳು ಕೂತು ಮರ ಉಜ್ಜುವ ಉಪ್ಪುಕಾಗದದಂತಾಗಿತ್ತು.

“ಗ್ರೀಸ್ ಯಾರು ಹಾಕಿದ್ರು?” ಎಂದೆ, ರಮಾಳ ಕಡೆಗೇ ನೋಡುತ್ತ.

ಶಂಭುಲಿಂಗಪ್ಪ ನನ್ನನ್ನು ನೋಡಿದರು. “ಗ್ರೀಸ್ ಡಬ್ಬಿ ಇರೋದು ನಿನ್ನ ಹತ್ತರ. ಇಬ್ಬರೂ ಕೂಡೀರೇನು?”

ನನ್ನ ನೆತ್ತಿಗೆ ರಕ್ತ ಏರಿತು. ಬಾಯಿಗೆ ಬಂದದ್ದನ್ನು ಅನ್ನುವಷ್ಟರಲ್ಲಿ ಸೂಜಿಯ ತುದಿಯಲ್ಲಿ ಅರಿಶಿಣದ ಹಳದಿ ಕಂಡಿತು.

“ಸಾವ್ಕಾರ್ರೆ, ಆಯುಧಪೂಜೆ ದಿನ ಫೋನ್ ಎಲ್ಲಿಟ್ಟಿದ್ರಿ?” ಎಂದೆ.

“ಗಾಡಿ ಬಾನೆಟ್ ಮ್ಯಾಲೆ. ಅದೂ ನಮ್ಮ ಆಯುಧ ಅಲ್ಲೇನು?”

“ಮತ್ತ ಗ್ರೀಸು?”

“ಎಲ್ಲಾ ಗಾಡಿಗೂ ಹಾಕಿ ಇದೊಂದಕ್ಕ ಬಿಟ್ರ ಹೆಂಗ? ಕೀಲು ಇದ್ದದ್ದಕ್ಕೆಲ್ಲಾ ಹಾಕಬೇಕು.”

ರಮಾ ನನ್ನ ಕೈಯಿಂದ ಸೂಜಿ ತೆಗೆದುಕೊಂಡು ತಲೆ ತಗ್ಗಿಸಿ ಒರೆಸಿದಳು. ನಕ್ಕಳೋ ಇಲ್ಲವೋ ತಿಳಿಯಲಿಲ್ಲ.

ಸಾಹುಕಾರರು ಅಷ್ಟಕ್ಕೆ ಸೋಲುವವರಲ್ಲ. “ಹೊಸಾದು ಹಾಕಿ ನಿನ್ನ ಮಷೀನಿಗೆ ಕಟ್ಟು. ನಾ ಉಂಡು ಬರೂತನ ಪರದೆ ಉಳಿದ್ರ ಅಂಗಡಿ ಇಟ್ಗೊ. ಕೊಟ್ರಯ್ಯ, ಕಾವಲು ನಿಂದು.”

ಅವಳು ಕೀಲು ತೊಳೆದಳು, ಹೊಸ ಸ್ಟ್ರಿಪ್ಪು ಸುತ್ತಿದಳು, ಯಂತ್ರ ಹಚ್ಚಿದಳು. ನಾನು ಅವಳ ಕೈಯಿಂದ ಕಣ್ಣು ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಟಕ್‌ಟಕ್ ನಿಂತಿತು.

“ಯಾಕ ನಿಲ್ಸಿದಿ?”

“ಕರೆಂಟ್ ಹೋಯ್ತಣ್ಣ.”

ಹೊರಗೆ ಬಂದು ಎದುರಿನ ಹೋಟೆಲಿನ ಫ್ಯಾನು ನೋಡಿದೆ. ಅದೂ ನಿಂತಿತ್ತು. ಒಳಗೆ ಬಂದರೆ ರಮಾ ಮೋಟರಿನ ಗಾಲಿಯನ್ನು ಕೈಯಿಂದಲೇ ತಿರುಗಿಸುತ್ತಿದ್ದಳು. ಮೆಲ್ಲಗೆ ತಿರುಗಿಸುತ್ತಾಳೆಂದು ನನಗೆ ಅನ್ನಿಸಿತು.

“ಸರಿ ಅತ್ತಾಗ. ನಾ ತಿರುವ್ತೀನಿ.”

ಮುರಿಯುವುದಿದ್ದರೆ ನನ್ನ ಕೈಯಲ್ಲೇ ಮುರಿಯಲಿ ಎಂದು ಜೋರಾಗಿಯೇ ತಿರುವಿದೆ. ಅಂಗಿ ಬೆನ್ನಿಗೆ ಅಂಟಿತು. ಶಂಭುಲಿಂಗಪ್ಪ ಎಲೆಅಡಿಕೆ ಮೆಲ್ಲುತ್ತ ಬಂದಾಗ ನಾನಿನ್ನೂ ತಿರುವುತ್ತಲೇ ಇದ್ದೆ. ಯಂತ್ರದಿಂದ ಫೋನು ಬಿಚ್ಚಿಸಿಕೊಂಡು ಟಪ್ಪೆಂದು ತೆರೆದರು. ಪರದೆಯ ಮೇಲೆ ಅವರ ಟಿಪ್ಪರಿನ ಚಿತ್ರ ಹೊಳೆಯಿತು.

“ಇಟ್ಗೊ ಅಂಗಡಿ” ಎಂದಷ್ಟೇ ಹೇಳಿ ಜೀಪು ಹತ್ತಿದರು.

ರಮಾ ಈಗಲೂ ಪಕ್ಕದಲ್ಲೇ ಇದ್ದಾಳೆ, ಟಕ್‌ಟಕ್ಕೂ ಇದೆ. ಗಾಜು ಮಡಚುವ ಮಾತನ್ನು ನಾನು ಇನ್ನೂ ನಂಬಿಲ್ಲ. ಆದರೆ ಆಯುಧಪೂಜೆಯ ಬೆಳಿಗ್ಗೆ ನನ್ನ ಗ್ರೀಸ್ ಡಬ್ಬಿಯನ್ನು ಅವಳ ಅಂಗಡಿಯಲ್ಲಿಟ್ಟು ಬೀಗ ಹಾಕಿಸುತ್ತೇನೆ. ಶಂಭುಲಿಂಗಪ್ಪನವರ ಮೇಲೆ ನನಗೆ ಭರವಸೆಯಿಲ್ಲ.