ಒರೆಸದೆ ಬಿಟ್ಟ ಕಿಟಕಿ

ಮೇಲಿನ ಮನೆಯಲ್ಲಿ ಪೇಂಟ್ ಹೊಡೆಸುತ್ತಿದ್ದಾರೆ. ಎಲ್ಲರೂ ಮೂಗು ಮುಚ್ಚಿಕೊಂಡು ಓಡಾಡುತ್ತಿದ್ದರೆ ನಾನು ಮೆಟ್ಟಿಲ ಮೇಲೆ ನಿಂತು ಆ ವಾಸನೆಯನ್ನು ಒಂದೆರಡು ಸಲ ಎಳೆದುಕೊಂಡೇ ಬಂದೆ. ನನ್ನ ಮೂಗಿಗೆ ಅದು ಹಬ್ಬದ ವಾಸನೆ, ಏನು ಮಾಡಲಿ ಹೇಳಿ. ಪೆರಂಬೂರಿನ ನಮ್ಮ ಹಳೇ ಮನೆಯ ಕಿಟಕಿಗೆ ಪೊಂಗಲ್ ಬಂತೆಂದರೆ ಹಸಿರು ಬಣ್ಣ, ಹಳೆಯದರ ಮೇಲೆ ಹೊಸದು.

ಆ ಬಣ್ಣದ ಮೇಲೆ ಮೊದಲು ಸಂಶಯಪಟ್ಟವಳು ಅಕ್ಕ. ಮನೆಗಳ ಧೂಳಿನಲ್ಲಿ ಸೀಸವಿದೆಯೇ ಎಂದು ಪರೀಕ್ಷಿಸುವುದೇ ಅವಳ ಕೆಲಸ. ಹಳೇ ಬಣ್ಣ ಉದುರಿ ಪುಡಿಯಾಗುತ್ತದೆ, ಮಕ್ಕಳು ಅದನ್ನು ಮುಟ್ಟಿ ಬೆರಳು ಚೀಪುತ್ತವೆ, ಸೀಸ ಅವುಗಳ ಮೆದುಳನ್ನೇ ಕೆಡಿಸುತ್ತದೆ ಎನ್ನುತ್ತಿದ್ದಳು. ಆಗ ನನ್ನ ಮಗಳಿಗೆ ನಿಲ್ಲಲು ಬಂದಿತ್ತಷ್ಟೆ. ರೈಲು ನೋಡಲು ಇಡೀ ದಿನ ಆ ಕಿಟಕಿಗೇ ಜೋತುಬಿದ್ದಿರುತ್ತಿದ್ದಳು.

"ಅಮ್ಮಾ, ನಾನು ಬರೋವರೆಗೂ ಕಿಟಕಿ ಒರೆಸ್ಬೇಡ, ಹಾಗೇ ಬಿಟ್ಟಿರು" ಎಂದಿದ್ದಳು ಅಕ್ಕ. ಯಾರಿಗೆ ಹೇಳಿದಳು ನೋಡಿ! ಬಂದವರು ಕೂತೆದ್ದ ಜಾಗವನ್ನೂ ಒರೆಸುವ ಅಮ್ಮನಿಗೆ. ಅಕ್ಕ ಕೈಗವಸು ತೊಟ್ಟು, ಒದ್ದೆ ಕಾಗದದಿಂದ ಕಿಟಕಿಯ ಕಟ್ಟೆ ಸವರಿ, ಅದನ್ನು ಪುಟ್ಟ ಕೊಳವೆಯಲ್ಲಿ ಹಾಕಿ ಲ್ಯಾಬಿಗೆ ಕಳಿಸಿದಳು. ಏನೂ ಇಲ್ಲವೆಂದು ಉತ್ತರ ಬಂತು. ಅಮ್ಮ ಬೀದಿಗೆಲ್ಲ ಹೇಳಿಕೊಂಡು ಬಂದಳು. ನಾನೂ ಬೀಗಿದೆ.

ಸ್ವಲ್ಪ ದಿನಕ್ಕೇ, ಮಗಳ ತುಟಿಯಂಚಿನಲ್ಲಿ ಹಸಿರು ಚೂರೊಂದು ಅಮ್ಮನ ಕಣ್ಣಿಗೆ ಬಿತ್ತು. ಮಗುವಿನ ಬಾಯಿ ತೊಳೆಸಿದವಳೇ ಅಕ್ಕನಿಗೆ ಫೋನ್ ಮಾಡಿದಳು.

"ಅವತ್ತು ನೀನು ಬರೋ ಮುಂಚೆ ಸೋಪು ಹಾಕಿ ತೊಳೆದಿದ್ದೆ ಕಣೇ. ಅಸಿಂಗವಾಗಿ, ಗಲೀಜಾಗಿ ಕಾಣುತ್ತೆ ಅಂತ. ಇನ್ನೊಂದ್ಸಲ ಬಾ. ಈ ಸಲ ಬಟ್ಟೆ ಮುಟ್ಟಲ್ಲ, ಸತ್ಯವಾಗ್ಲೂ."

ಮಗಳನ್ನು ಒಳಗಿನ ಕೋಣೆ ದಾಟಲು ಬಿಡಲಿಲ್ಲ. ಕಿಟಕಿಯ ಮೇಲೆ ಧೂಳು ಕೂರುತ್ತಾ ಹೋಯಿತು, ಅಮ್ಮನ ಮುಖ ಸಣ್ಣದಾಗುತ್ತಾ ಹೋಯಿತು. ಪಕ್ಕದ ಮನೆಯ ಮಾಮಿ ಕಣ್ಣರಳಿಸಿದಾಗ, "ಇರಲಿ ಮಾಮಿ, ಟೆಸ್ಟ್‌ಗೆ ಅಂತ ಧೂಳು ಬೆಳೆಸ್ತಿದೀನಿ" ಎಂದಳು.

ಈ ಸಲ ಸೀಸ ಬೇಕಾದಷ್ಟು ಸಿಕ್ಕಿತು. ಮಗಳ ರಕ್ತದಲ್ಲೂ ಇತ್ತು. ಇನ್ನೂ ತಡವಾಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕಿಟಕಿಯನ್ನೇ ಬದಲಾಯಿಸಿದೆವು. ಬರಬರುತ್ತಾ ರಕ್ತದಲ್ಲಿನ ಸೀಸವೂ ಇಳಿಯಿತು.

ಈಗ ಅಕ್ಕ ಪರೀಕ್ಷೆಗೆಂದು ಬೇರೆ ಮನೆಗಳಿಗೆ ಹೋಗುವಾಗ ಅಮ್ಮನನ್ನೂ ಕರೆದೊಯ್ಯುತ್ತಾಳೆ. ನಿನ್ನೆ ಅಣ್ಣಾ ನಗರದಲ್ಲೊಂದು ಮನೆ, ಒಳಗೆ ತೆವಳುವ ಕೂಸು. ಅಮ್ಮ ಮನೆಯಾಕೆಯ ಕೈ ಹಿಡಿದು, "ನಿಜ ಹೇಳಮ್ಮಾ, ಒರೆಸಿಬಿಟ್ಟಿದೀಯಾ?" ಎಂದು ಕೇಳಿದಳಂತೆ. ಆಕೆ ನಾಚಿಕೊಂಡು, ಬೆಳಗ್ಗೆಯೇ ಒರೆಸಿದೆ ಎಂದು ಒಪ್ಪಿಕೊಂಡಳಂತೆ. ಅಕ್ಕ ಚೀಲ ಬಿಚ್ಚದೆ, ಇನ್ನೊಂದು ದಿನ ಬರುತ್ತೇನೆಂದು ಹೇಳಿ ಎದ್ದಳಂತೆ.

ಅಕ್ಕನ ಓದಿನ ಬಗ್ಗೆ ಹೆಮ್ಮೆಪಡುವುದು ಸುಲಭ, ನಾನೂ ಪಟ್ಟಿದ್ದೇನೆ. ಆದರೆ ಪೆರಂಬೂರಿಗೆಲ್ಲ ತನ್ನ ಮನೆಯೇ ಶುದ್ಧ ಎನ್ನುತ್ತಿದ್ದ ಆ ಹೆಂಗಸು, ಈಗ ಗುರುತಿಲ್ಲದವರ ಮನೆಯಲ್ಲಿ ಕೂತು "ನಮ್ಮನೇಲೂ ವಿಷ ಇತ್ತು" ಎಂದು ತಾನಾಗಿ ಹೇಳಿ ಬರುತ್ತಾಳೆ. ಅವಳ ಮಗ ನಾನು.